ಅಟ್ಟದ ಕೋಣೆಯ ಲೆಕ್ಕ: ರೀಡಿಂಗ್‌ನ ಒಂದು ಸಾಲುಮನೆ

ಮೂರು ಬೆಡ್‌ರೂಮಿನ ವಿಕ್ಟೋರಿಯನ್ ಟೆರೇಸ್ ಮನೆ, ಇಂಗ್ಲೆಂಡಿನ ರೀಡಿಂಗ್ ಊರಿನ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರ, ಹೊಸದಾಗಿ ಬಣ್ಣ ಬಳಿದಿದೆ, ಬೆಲೆ 3,85,000 ಪೌಂಡ್. 2025ರ ಅಕ್ಟೋಬರ್ ಮೊದಲ ವಾರ ನನ್ನ ಚಿಕ್ಕಮ್ಮನ ಮಗ ಈ ಜಾಹೀರಾತನ್ನು ವಾಟ್ಸಾಪ್‌ನಲ್ಲಿ ಕಳಿಸಿ, "ಅಣ್ಣ, ಶನಿವಾರ ನೋಡೋಕೆ ಹೋಗ್ತಿದ್ದೀವಿ, ನೀನೂ ಬಾ. ಇಷ್ಟ ಆದ್ರೆ ಅವತ್ತೇ ಆಫರ್ ಹಾಕ್ಬಿಡ್ತೀವಿ" ಅಂದ. ಅವನು ದಾವಣಗೆರೆಯವನು, ಹೆಂಡತಿ ಧಾರವಾಡದವಳು, ಐದು ವರ್ಷದ ಮಗಳಿದ್ದಾಳೆ. ಆರು ವರ್ಷದಿಂದ ಇಲ್ಲಿ ಬಾಡಿಗೆಗಿದ್ದಾರೆ. ನಾನು ಮನೆಯ ಸ್ಥಿತಿಗತಿ ಪರೀಕ್ಷಿಸುವ ಸರ್ವೇಯರ್ ಅಲ್ಲ. ಕಟ್ಟಡಗಳಿಗೆ ಹೀಟಿಂಗ್, ವೆಂಟಿಲೇಶನ್ ವಿನ್ಯಾಸ ಮಾಡುವುದು ನನ್ನ ಹೊಟ್ಟೆಪಾಡು. ಹಾಗಾಗಿ ನಮ್ಮ ಬಳಗದಲ್ಲಿ ಯಾರು ಮನೆ ನೋಡಹೊರಟರೂ ನನಗೊಂದು ಫೋನ್ ಬರುತ್ತದೆ.

ಧಾರವಾಡದಿಂದ ಅವನ ಹೆಂಡತಿಯ ತಾಯಿ ವಿಡಿಯೊ ಕಾಲ್‌ನಲ್ಲಿ ಮೊದಲು ಕೇಳಿದ್ದು, "ಟೆರೇಸ್ ಮನಿ ಅಂದ್ರ ಮ್ಯಾಲ ಹಪ್ಪಳ ಒಣಗಸ್ಲಿಕ್ಕೆ ಬರ್ತದೇನು?" ಎಂದು. ಬರುವುದಿಲ್ಲ. ನಮಗೆ ಟೆರೇಸ್ ಎಂದರೆ ತಾರಸಿ. ಇಲ್ಲಿ ಟೆರೇಸ್ ಎಂದರೆ ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲು, ತಲೆಯ ಮೇಲೆ ಇಳಿಜಾರು ಚಾವಣಿ. ಮೇಲುಕೋಟೆಯ ಹಳೆಯ ಬೀದಿಗಳನ್ನು ನೆನೆದರೆ ಅರ್ಥವಾಗುತ್ತದೆ: ನಡುವಿನ ಗೋಡೆ ಇಬ್ಬರದ್ದೂ, ಪಕ್ಕದ ಮನೆಯ ಕೆಮ್ಮು ನಮ್ಮದೂ.

ಶನಿವಾರದ ಭೇಟಿಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ. ಮನೆಯಿರುವುದು ಊರಿನ ಪೂರ್ವಕ್ಕೆ, ನ್ಯೂಟೌನ್ ಎಂಬ ಭಾಗದಲ್ಲಿ. ಹೆಸರಲ್ಲಿ ಮಾತ್ರ ಹೊಸತು. ಹಂಟ್ಲಿ ಅಂಡ್ ಪಾಮರ್ಸ್ ಬಿಸ್ಕತ್ತು ಕಾರ್ಖಾನೆ ರೀಡಿಂಗನ್ನು ಆಳುತ್ತಿದ್ದ ಕಾಲದ ಬೀದಿಗಳು ಇವು. ಮುಂಭಾಗದಲ್ಲಿ ಕೆಂಪು ಮತ್ತು ಬೂದುಬಣ್ಣದ ಇಟ್ಟಿಗೆ ಸೇರಿಸಿದ ಚಿತ್ತಾರ. ರೀಡಿಂಗ್‌ನ ಗುರುತೇ ಅದು. ಆ ಇಟ್ಟಿಗೆಯನ್ನು ನೋಡಿದಾಗಲೇ ಒಂದು ವಿಷಯ ತಿಳಿಯುತ್ತದೆ. ಒಂದೇ ವರಸೆಯಲ್ಲಿ ಉದ್ದ ಇಟ್ಟಿಗೆ, ಗಿಡ್ಡ ಇಟ್ಟಿಗೆ, ಮತ್ತೆ ಉದ್ದ, ಮತ್ತೆ ಗಿಡ್ಡ ಎಂದು ಬಂದರೆ ಗಿಡ್ಡಗೆ ಕಾಣುವುದು ಅಡ್ಡಲಾಗಿ ಇಟ್ಟ ಇಟ್ಟಿಗೆಯ ತುದಿ. ಅಂದರೆ ಒಂಬತ್ತು ಇಂಚಿನ ಗಟ್ಟಿ ಗೋಡೆ, ನಡುವೆ ಪೊಳ್ಳಿಲ್ಲ. ಪೊಳ್ಳಿದ್ದರೆ ತೂತು ಕೊರೆದು ಒಂದೇ ದಿನದಲ್ಲಿ ಶಾಖ ಸೋರದಂತೆ ತಡೆಯುವ ಇನ್ಸುಲೇಶನ್ ತುಂಬಿಸಬಹುದು. ಇಲ್ಲಿ ಆ ದಾರಿ ಮುಚ್ಚಿದೆ.

ಕೆಳಗೆ ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಒಂದೇ ದೊಡ್ಡ ಹಾಲ್ ಮಾಡಿದ್ದಾರೆ. ಹಿಂದೆ ಅಡುಗೆಮನೆ, ಅದರ ಮೇಲೆ ಬಚ್ಚಲು. ಮೇಲೆ ಎರಡು ಮಲಗುವ ಕೋಣೆ. ಅಲ್ಲಿಂದ ಏಣಿಯಂಥ ಕಡಿದಾದ ಮೆಟ್ಟಿಲು ಹತ್ತಿದರೆ ಅಟ್ಟ. ಅಲ್ಲಿ ಬಿಳಿ ಬಣ್ಣ, ಚಾವಣಿಯಲ್ಲಿ ಕಿಟಕಿ, ಪುಟ್ಟ ಮಂಚ. ಮಗು ಓಡಿಹೋಗಿ ಮಂಚದ ಮೇಲೆ ಕುಳಿತು, "ಇದು ನಂದು" ಅಂತು. ನನಗೆ ಆ ಕೋಣೆಯಲ್ಲಿ ನೆಟ್ಟಗೆ ನಿಲ್ಲಲು ಆದದ್ದು ನಟ್ಟನಡುವೆ ಮಾತ್ರ. ಮಗುವಿನ ತಾಯಿ ಗೋಡೆಗೆ ಕೈಯಿಟ್ಟು, "ಭಾವಾ, ಖೋಲಿ ಚಲೋ ಅದ. ಆದ್ರ ಹೀಟಿಂಗ್ ಹಚ್ಚಿದ್ರೂ ಯಾಕ ಇಷ್ಟ್ ಥಂಡಿ?" ಅಂದಳು.

ಈ ಪ್ರಕರಣದ ಮುಂದಿನ ನಾಲ್ಕು ತಿಂಗಳು ಆ ಪ್ರಶ್ನೆಯ ಸುತ್ತಲೇ ತಿರುಗಿತು. ಅವತ್ತು ಆಫರ್ ಹಾಕಲು ನಾನು ಬಿಡಲಿಲ್ಲ.

ಅಂದು ರಾತ್ರಿ ಕುಳಿತು ನೋಡಿದ್ದು ಎರಡು ಸಾರ್ವಜನಿಕ ದಾಖಲೆ. ಎರಡಕ್ಕೂ ದುಡ್ಡು ಕೊಡಬೇಕಿಲ್ಲ, ಪೋಸ್ಟ್‌ಕೋಡ್ ಗೊತ್ತಿದ್ದರೆ ಸಾಕು. ಮೊದಲನೆಯದು ಇಪಿಸಿ, ಮನೆಯ ಶಕ್ತಿದಕ್ಷತೆಯ ಸರ್ಟಿಫಿಕೇಟು. ಎ ಯಿಂದ ಜಿ ವರೆಗೆ ಏಳು ದರ್ಜೆ, ಹತ್ತು ವರ್ಷ ಚಾಲ್ತಿ. ಈ ಮನೆಗೆ 60 ಅಂಕ, ಡಿ ದರ್ಜೆ. 55ರಿಂದ 68ರವರೆಗೆ ಡಿ. ನೂರು ವರ್ಷ ದಾಟಿದ ಇಟ್ಟಿಗೆ ಮನೆಗೆ ಇದು ಮರ್ಯಾದೆಯ ಅಂಕವೇ. ತಮ್ಮ ಅದನ್ನು ನೋಡಿ ಖುಷಿಪಟ್ಟಿದ್ದ. ನಾನು ಅಕ್ಷರ ಬಿಟ್ಟು ಕೆಳಗಿನ ಸಣ್ಣ ಸಾಲುಗಳನ್ನು ಓದಿದೆ. ಸರ್ಟಿಫಿಕೇಟು 2016ರದ್ದು. ನೆಲದ ವಿಸ್ತೀರ್ಣ 71 ಚದರ ಮೀಟರ್. ಚಾವಣಿ ಎಂಬಲ್ಲಿ "ಇಳಿಜಾರು, ಅಟ್ಟದಲ್ಲಿ 100 ಮಿಲಿಮೀಟರ್ ಇನ್ಸುಲೇಶನ್" ಎಂದಿದೆ. ಏಜೆಂಟರ ನಕ್ಷೆಯಲ್ಲಿ ವಿಸ್ತೀರ್ಣ 88. ಅಂದರೆ ಅಂಕ ಕೊಟ್ಟವರು ಬಂದಾಗ ಆ ಕೋಣೆಯೇ ಇರಲಿಲ್ಲ. ಡಿ ದರ್ಜೆ ಸಿಕ್ಕಿದ್ದು ಬೇರೊಂದು ಮನೆಗೆ ಎಂದರೂ ಆದೀತು. ಗೂಗಲ್ ಸ್ಟ್ರೀಟ್ ವ್ಯೂನ ಹಳೆಯ ಚಿತ್ರಗಳನ್ನು ತಿರುವಿದೆ. 2018ರಲ್ಲಿ ಚಾವಣಿ ಬೋಳು, 2021ರಲ್ಲಿ ಕಿಟಕಿ.

ಎರಡನೆಯದು ಲ್ಯಾಂಡ್ ರಿಜಿಸ್ಟ್ರಿಯ ಮಾರಾಟದ ಬೆಲೆಗಳು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1995ರಿಂದ ಯಾವ ಮನೆ ಎಷ್ಟಕ್ಕೆ ಹೋಯಿತೆಂದು ಯಾರು ಬೇಕಾದರೂ ನೋಡಬಹುದು. ಬೆಂಗಳೂರಿನ ಗೈಡೆನ್ಸ್ ವ್ಯಾಲ್ಯೂ, ಬಿಳಿ, ಕಪ್ಪು ಎಂಬ ಲೆಕ್ಕಗಳಿಗೆ ಒಗ್ಗಿದವರಿಗೆ ಇದು ಸ್ವಲ್ಪ ನಾಚಿಕೆಗೇಡು ಎನ್ನಿಸುವಷ್ಟು ಬಯಲು. ಇದೇ ಮನೆ 2016ರಲ್ಲಿ 2,87,000ಕ್ಕೆ ಹೋಗಿತ್ತು. ಅದೇ ಬೀದಿಯಲ್ಲಿ 2025ರ ಮಾರ್ಚ್‌ನಲ್ಲಿ 72 ಚದರ ಮೀಟರಿನ ಎರಡು ಬೆಡ್‌ರೂಮಿನ ಮನೆ 3,45,000ಕ್ಕೆ ಮಾರಾಟವಾಗಿದೆ, ಚದರ ಮೀಟರಿಗೆ ಸುಮಾರು 4,790. ಅಟ್ಟವನ್ನು ಕ್ರಮಬದ್ಧವಾಗಿ ಕೋಣೆ ಮಾಡಿಸಿದ್ದ 90 ಚದರ ಮೀಟರಿನ ಮನೆ ಅದರ ಹಿಂದಿನ ವರ್ಷ 3,92,000ಕ್ಕೆ, ಚದರ ಮೀಟರಿಗೆ 4,355.

ಈಗ ನಮ್ಮ ಮನೆ. 3,85,000ವನ್ನು 88ರಿಂದ ಭಾಗಿಸಿದರೆ 4,375, ಬೀದಿಯ ದರವೇ. ಅಟ್ಟವನ್ನು ಬಿಟ್ಟು 71ರಿಂದ ಭಾಗಿಸಿದರೆ 5,422, ಆ ಬೀದಿ ಕಂಡು ಕೇಳರಿಯದ ದರ. ಬೆಲೆ ನ್ಯಾಯವೋ ಅನ್ಯಾಯವೋ ಎಂಬುದು ಒಂದೇ ಪ್ರಶ್ನೆಗೆ ಬಂದು ನಿಂತಿತು: ಆ ಕೋಣೆ ಕೋಣೆಯೇ?

ಅಟ್ಟವನ್ನು ವಾಸದ ಕೋಣೆ ಮಾಡಲು ಇಲ್ಲಿ ಕೆಲವೊಮ್ಮೆ ಪ್ಲಾನಿಂಗ್ ಅನುಮತಿ ಬೇಡ. ಆದರೆ ಕೆಲಸ ಗಟ್ಟಿಯಾಗಿದೆ, ಸುರಕ್ಷಿತವಾಗಿದೆ ಎಂಬ ಬಿಲ್ಡಿಂಗ್ ರೆಗ್ಯುಲೇಶನ್ ಒಪ್ಪಿಗೆ ಬೇಕೇ ಬೇಕು. ಎರಡೂ ಒಂದೇ ಎಂದುಕೊಂಡು ಮೋಸಹೋಗುವವರು ಬಹಳ. "ಪ್ಲಾನಿಂಗ್ ಬೇಕಾಗಿರಲಿಲ್ಲ" ಎಂದು ಏಜೆಂಟರು ಹೇಳಿದ್ದು ನಿಜ, ನಾವು ಕೇಳಿದ್ದಕ್ಕೆ ಅದು ಉತ್ತರವಲ್ಲ. ಆ ಒಪ್ಪಿಗೆಯ ಕಾಗದ, ಅಂದರೆ ಕಂಪ್ಲೀಶನ್ ಸರ್ಟಿಫಿಕೇಟು ಕೊಡಿ ಎಂದು ಬರೆದು ಕೇಳಿದೆವು. ಹತ್ತು ದಿನ ಮೌನ. ಆಮೇಲೆ, "ಮಾರುವವರು ಇಂಡೆಮ್ನಿಟಿ ಇನ್ಶೂರೆನ್ಸ್ ಕೊಡಿಸಲು ಸಿದ್ಧರಿದ್ದಾರೆ" ಎಂಬ ಉತ್ತರ. ಸರ್ಟಿಫಿಕೇಟು ಇಲ್ಲ ಎಂದು ಇಲ್ಲಿ ಹೇಳುವ ಸಭ್ಯ ರೀತಿ ಇದು.

ಈ ಇನ್ಶೂರೆನ್ಸ್ ವಿಚಿತ್ರ ವಸ್ತು. ಮುಂದೆ ಕೌನ್ಸಿಲ್, ಅಂದರೆ ಊರಿನ ಸ್ಥಳೀಯ ಆಡಳಿತ, ನೋಟಿಸ್ ಕೊಟ್ಟರೆ ಆಗುವ ಖರ್ಚನ್ನು ತುಂಬಿಕೊಡುತ್ತದೆ, ಅಷ್ಟೇ. ನೆಲ ಕುಸಿದರೆ ಕೊಡುವುದಿಲ್ಲ, ಕೋಣೆಯನ್ನು ಸರಿಮಾಡಲು ಕೊಡುವುದಿಲ್ಲ. ಅದಕ್ಕಿಂತ ತಮಾಷೆಯೆಂದರೆ, ಮೊದಲೇ ಕೌನ್ಸಿಲ್‌ಗೆ ಫೋನ್ ಮಾಡಿ ವಿಚಾರಿಸಿದರೆ ಸಾಮಾನ್ಯವಾಗಿ ಪಾಲಿಸಿಯೇ ಸಿಗುವುದಿಲ್ಲ. ಗೊತ್ತಿಲ್ಲದವನಿಗೆ ಮಾತ್ರ ರಕ್ಷಣೆ. ತಮ್ಮನಿಗೆ ಇದು ಸಾಕೆನ್ನಿಸಿತ್ತು. "ಎಲ್ರೂ ಹಿಂಗೇ ಮಾಡ್ತಾರಂತೆ ಅಣ್ಣ, ಎರಡು ಮೂರು ನೂರು ಪೌಂಡಲ್ಲಿ ಮುಗಿಯುತ್ತೆ" ಅಂದ. ಎರಡನೇ ಭೇಟಿ ಕೇಳು ಎಂದೆ. ಬೆಳಿಗ್ಗೆ ಬೇಡ, ಸಂಜೆ, ಥಂಡಿ ಇದ್ದ ದಿನ.

ಅಕ್ಟೋಬರ್ ಕೊನೆಯ ಆ ಸಂಜೆ ಹೊರಗೆ 6 ಡಿಗ್ರಿ, ಒಳಗೆ 20. ಬಿಸಿ, ತಣ್ಣಗಿನ ಜಾಗಗಳನ್ನು ಚಿತ್ರವಾಗಿ ತೋರಿಸುವ ಥರ್ಮಲ್ ಕ್ಯಾಮೆರಾವನ್ನು ಆಫೀಸಿನಿಂದ ಕಡ ತಂದಿದ್ದೆ. ಒಳಗೂ ಹೊರಗೂ ಹತ್ತು ಡಿಗ್ರಿಯಾದರೂ ಅಂತರವಿಲ್ಲದೆ ಅದು ಏನನ್ನೂ ಹೇಳುವುದಿಲ್ಲ. ಅಟ್ಟದ ಇಳಿಜಾರಿಗೆ ಹಿಡಿದಾಗ ಬರಗಾಲದ ಎತ್ತಿನ ಪಕ್ಕೆಲುಬಿನಂತೆ ಮರದ ತೊಲೆಗಳು ಒಂದೊಂದಾಗಿ ಎದ್ದು ಕಂಡವು. ಮರವೇ ನಡುವಿನ ಜಾಗಕ್ಕಿಂತ ಬೆಚ್ಚಗಿತ್ತು. ಅಂದರೆ ತೊಲೆಗಳ ನಡುವೆ ತುಂಬಿದ್ದು ಹೆಸರಿಗಷ್ಟೇ. ಕಿಟಕಿಯ ಪಕ್ಕದ ಸಂದಿಯಲ್ಲಿ ಅಳತೆಪಟ್ಟಿ ತೂರಿಸಿದರೆ 50 ಮಿಲಿಮೀಟರಿಗೆ ನಿಂತಿತು.

ಲೆಕ್ಕ ಹಾಕಿದೆ. ಮೊದಲು ಅಟ್ಟದ ನೆಲದ ಮೇಲೆ ನೂರು ಮಿಲಿಮೀಟರ್ ಉಣ್ಣೆಯಂಥ ಇನ್ಸುಲೇಶನ್ ಹಾಸಿದ್ದಾಗ, ಹೊರಗೂ ಒಳಗೂ ಒಂದು ಡಿಗ್ರಿ ಅಂತರಕ್ಕೆ ಮೇಲಿನಿಂದ ಸೋರುತ್ತಿದ್ದ ಶಾಖ ಸುಮಾರು 14 ವ್ಯಾಟ್. ಕೋಣೆ ಮಾಡುವಾಗ ಅದನ್ನು ಕಿತ್ತು, ಅದಕ್ಕಿಂತ ದೊಡ್ಡದಾದ ಇಳಿಜಾರಿಗೆ ಅದರ ಅರ್ಧ ದಪ್ಪದ್ದನ್ನು ತುರುಕಿದ್ದರಿಂದ ಈಗ ಸುಮಾರು 36. ಎರಡೂವರೆ ಪಟ್ಟು. ಬೆಲೆಗೆ ನಲವತ್ತು ಸಾವಿರ ಸೇರಿಸಿದ ಕೋಣೆಯೇ ಮನೆಯ ಟೊಪ್ಪಿಗೆಯನ್ನು ಕಿತ್ತುಹಾಕಿತ್ತು. "ಯಾಕ ಇಷ್ಟ್ ಥಂಡಿ" ಎಂಬ ಧಾರವಾಡದ ಪ್ರಶ್ನೆಗೆ ಉತ್ತರ ಸಿಕ್ಕಿತು.

ನೆಲದ ಮೇಲೆ ನೀರು ತುಂಬಿದ ಲೋಟ ಇಟ್ಟು ತಮ್ಮನಿಗೆ ನಡೆದಾಡಲು ಹೇಳಿದೆ. ನಾಲ್ಕನೇ ಹೆಜ್ಜೆಗೆ ನೀರು ತುಳುಕಿತು. ಹಲಗೆಯ ಕೆಳಗೆ ಇದ್ದದ್ದು ಹಳೆಯ ನಾಲ್ಕಿಂಚಿನ ತೊಲೆಗಳೇ. ಕೆಳಗಿನ ಕೋಣೆಯ ಸೀಲಿಂಗನ್ನು ಹೊರಲೆಂದು ನೂರು ವರ್ಷದ ಹಿಂದೆ ಹಾಕಿದ್ದು ಅವು, ಮಂಚ, ಬೀರು, ಮನುಷ್ಯರನ್ನು ಹೊರಲಿಕ್ಕಲ್ಲ. ಬೆಂಕಿಯ ವಿಚಾರ ಇನ್ನೂ ಕೆಟ್ಟದ್ದು. ಮೂರನೇ ಅಂತಸ್ತಿನಲ್ಲಿ ಮಲಗುವವರಿಗೆ ಕೆಳಗಿನ ಬೀದಿಬಾಗಿಲವರೆಗೆ ಬೆಂಕಿ ನುಗ್ಗದಂತೆ ಮುಚ್ಚಿದ ಮೆಟ್ಟಿಲ ದಾರಿ ಇರಬೇಕು, ಕೋಣೆಗಳಿಗೆ ಬೆಂಕಿ ತಡೆಯುವ ಬಾಗಿಲುಗಳಿರಬೇಕು. ಇಲ್ಲಿ ಮೆಟ್ಟಿಲು ನೇರವಾಗಿ ಆ ದೊಡ್ಡ ಹಾಲಿಗೆ ಇಳಿಯುತ್ತದೆ, ಹಾಲಿನ ಆ ಬದಿಗೆ ಬಾಗಿಲಿಲ್ಲದ ಅಡುಗೆಮನೆ. ರಾತ್ರಿ ಒಲೆಗೆ ಬೆಂಕಿ ಬಿದ್ದರೆ ಮಗು ಇಳಿದು ಬರಬೇಕಾದದ್ದು ಬೆಂಕಿಯೊಳಕ್ಕೇ. ಇಷ್ಟನ್ನು ಹೇಳಿದ ಮೇಲೆ ಅವನು ಇನ್ಶೂರೆನ್ಸಿನ ಮಾತೆತ್ತಲಿಲ್ಲ.

ಗೋಡೆಗಳ ವಿಷಯದಲ್ಲಿ ಮಾತ್ರ ನಾನು ಅವರನ್ನು ಸಮಾಧಾನಪಡಿಸಬೇಕಾಯಿತು. ಇಷ್ಟೆಲ್ಲ ಓದಿಕೊಂಡ ತಮ್ಮ, ಎಲ್ಲ ಗೋಡೆಗೂ ಒಳಗಿನಿಂದ ಇನ್ಸುಲೇಶನ್ ಮಾಡಿಸುವ ಖರ್ಚನ್ನೂ ಬೆಲೆಯಿಂದ ಕಳೆಯಬೇಕೆಂದು ಹೊರಟಿದ್ದ. ನಡುಸಾಲಿನ ಮನೆಗೆ ಎರಡೇ ಮುಖ ಹೊರಗೆ ಎನ್ನುತ್ತಾರೆ. ಆದರೆ ಈ ಮನೆಗಳ ನಕ್ಷೆ ಎಲ್ ಅಕ್ಷರದಂತೆ. ಹಿಂದಕ್ಕೆ ಚಾಚಿದ ಅಡುಗೆಮನೆ-ಬಚ್ಚಲಿನ ಪಕ್ಕದ ಗೋಡೆ ಒಂದೇ 27 ಚದರ ಮೀಟರ್, ಮುಂದಿನ ಗೋಡೆಗಿಂತ ದೊಡ್ಡದು. ಒಟ್ಟು ಬಯಲಿಗೆ ಬಿದ್ದ ಗೋಡೆ ಸುಮಾರು 60 ಚದರ ಮೀಟರ್. ಅದರಿಂದ ವರ್ಷಕ್ಕೆ ಸೋರುವ ಶಾಖಕ್ಕೆ ಬಾಯ್ಲರಿನಲ್ಲಿ ಸುಡುವ ಗ್ಯಾಸ್ 5,750 ಯೂನಿಟ್ ಆಸುಪಾಸು. ಯೂನಿಟ್ಟಿಗೆ 6.3 ಪೆನ್ಸ್‌ನಂತೆ 360 ಪೌಂಡ್. ಚೆನ್ನಾಗಿ ಇನ್ಸುಲೇಟ್ ಮಾಡಿದರೆ 300 ಉಳಿದೀತು. ಕೊಟೇಶನ್ ಬಂದದ್ದು 14,000. ಹಾಕಿದ ದುಡ್ಡು ಮರಳಲು ನಲವತ್ತಾರು ವರ್ಷ! ಅದೂ ನಾಲ್ಕು ಮೀಟರ್ ಅಗಲದ ಕೋಣೆಯಲ್ಲಿ ಗೇಣಗಲ ಜಾಗ ಕಳೆದುಕೊಂಡು, ಕೆಲಸ ಕೆಟ್ಟರೆ ಹಲಗೆಯ ಹಿಂದೆ ಕಾಣದಂತೆ ಬೂಷ್ಟು ಹಿಡಿಸಿಕೊಂಡು. ಮಾರುವವರ ಬಿಲ್ಲುಗಳ ಪ್ರಕಾರ ವರ್ಷಕ್ಕೆ ಗ್ಯಾಸ್ 13,800 ಯೂನಿಟ್. ಇಂಧನ ದರ ನಿಯಂತ್ರಿಸುವ ಆಫ್‌ಜೆಮ್, ಸಾಧಾರಣ ಮನೆಗೆ ಆಗ ಹಿಡಿಯುತ್ತಿದ್ದ ಲೆಕ್ಕ 11,500. ಹೆಚ್ಚು ಹೌದು, ಮನೆ ಬಿಟ್ಟು ಓಡುವಷ್ಟಲ್ಲ. ಬಚ್ಚಲಿನ ಮೂಲೆಯ ಕಪ್ಪು ಕಲೆ ಹೋಗಬೇಕಾದರೆ ಹಿಂದಿನ ಆ ಪಕ್ಕದ ಗೋಡೆಯೊಂದಕ್ಕೆ ಹೊರಗಿನಿಂದ ಹೊದಿಸಲಿ. ಅಲ್ಲಿ ಚಿತ್ತಾರವೂ ಇಲ್ಲ, ನೋಡುವವರೂ ಇಲ್ಲ. ಮುಂದಿನ ಗೋಡೆಯನ್ನು ಮುಟ್ಟಬೇಡಿ ಎಂದೆ. ಅದನ್ನು ಮುಚ್ಚಿದರೆ ಮನೆಯ ಚಂದವೂ ಹೋಯಿತು, ಬೆಲೆಯೂ ಹೋಯಿತು.

ಸುತ್ತಮುತ್ತಲನ್ನು ನೋಡಲು ಏಜೆಂಟರು ಬೇಕಿಲ್ಲ, ಕಾಲು ಸಾಕು. ಬೀದಿಗೆ ನಾಲ್ಕು ಸಲ ಹೋದೆವು, ಒಮ್ಮೆ ಶುಕ್ರವಾರ ರಾತ್ರಿ ಹನ್ನೊಂದಕ್ಕೆ, ಒಮ್ಮೆ ಕಸ ಒಯ್ಯುವ ದಿನದ ಮುಂಜಾನೆ. ಕಸದ ಡಬ್ಬಿಗಳು ಬಹಳ ಹೇಳುತ್ತವೆ. ಒಂದು ಮನೆಯ ಮುಂದೆ ತುಂಬಿ ಚೆಲ್ಲುವ ನಾಲ್ಕೈದು ಡಬ್ಬಿ ಇದ್ದರೆ ಅಲ್ಲಿ ಕೋಣೆ ಕೋಣೆಯಾಗಿ ಬಾಡಿಗೆಗೆ ಕೊಟ್ಟಿದ್ದಾರೆ ಎಂದರ್ಥ. ವಿಶ್ವವಿದ್ಯಾಲಯದ ಊರು ಇದು, ಅಂಥ ಮನೆಗಳು ಇರುತ್ತವೆ. ನಮ್ಮ ಮನೆಯ ಎಡಕ್ಕೆ ಅಂಥದ್ದೊಂದು, ಬಲಕ್ಕೆ ನಲವತ್ತು ವರ್ಷದಿಂದ ಇರುವ ಅಜ್ಜಿ. ಅಜ್ಜಿಯೊಡನೆ ಹತ್ತು ನಿಮಿಷ ಮಾತಾಡಿದ್ದು ಉಳಿದೆಲ್ಲಕ್ಕಿಂತ ಉಪಯೋಗಕ್ಕೆ ಬಂತು. ಎಡಗಡೆಯ ಹುಡುಗರು ಒಳ್ಳೆಯವರು, ಪಾರ್ಕಿಂಗ್ ಪರ್ಮಿಟ್ ಇದ್ದರೂ ಸಂಜೆ ಏಳರ ಮೇಲೆ ಜಾಗ ಸಿಗದು, ಅಟ್ಟದ ಕೆಲಸ ಮಾಡಿದವರು "ಮೂರೇ ವಾರದಲ್ಲಿ ಮುಗಿಸಿದರು". ಮೂರು ವಾರ! ಜಂಟಿ ಗೋಡೆಗೆ ತೊಲೆ ಕೂರಿಸುವುದಾದರೆ 1996ರ ಪಾರ್ಟಿ ವಾಲ್ ಕಾಯ್ದೆಯಂತೆ ಅಜ್ಜಿಗೆ ನೋಟಿಸ್ ಬರಬೇಕಿತ್ತು. ಬಂದಿರಲಿಲ್ಲ. ಹೊಸ ತೊಲೆಯನ್ನೇ ಹಾಕಿಲ್ಲ ಎನ್ನಲು ಇನ್ನೊಂದು ಸಾಕ್ಷಿ.

ಬೀದಿ ಉತ್ತರಕ್ಕೆ ಇಳಿಯುತ್ತದೆ, ತುದಿಯಿಂದ ಸ್ವಲ್ಪ ದೂರದಲ್ಲಿ ಕೆನೆಟ್ ನದಿ ಥೇಮ್ಸನ್ನು ಸೇರುತ್ತದೆ. ಸಂಗಮದ ಹತ್ತಿರ ಮನೆ ಎಂದರೆ ನಮ್ಮ ಕಡೆ ಪುಣ್ಯ, ಇಲ್ಲಿ ಇನ್ಶೂರೆನ್ಸ್ ಪ್ರಶ್ನೆ. 2014ರ ಚಳಿಗಾಲದಲ್ಲಿ ಥೇಮ್ಸ್ ಉಕ್ಕಿದ್ದು ಊರಿಗೆ ಇನ್ನೂ ನೆನಪಿದೆ. ಎನ್ವಿರಾನ್‌ಮೆಂಟ್ ಏಜೆನ್ಸಿಯ ನಕ್ಷೆಯಲ್ಲಿ ಬೀದಿಯ ಕೆಳತುದಿ ನೀಲಿ, ನಮ್ಮ ಮನೆ ಮೇಲ್ತುದಿಯಲ್ಲಿ ಬಿಳಿ. ಮಳೆನೀರು ನಿಲ್ಲುವ ಅಪಾಯ ಮಾತ್ರ ಕನಿಷ್ಠ ಮಟ್ಟದಲ್ಲಿ ತೋರಿಸುತ್ತದೆ. ಪ್ರವಾಹದ ಅಪಾಯವಿರುವ ಮನೆಗಳಿಗೂ ವಿಮೆ ಸಿಗಲೆಂದು 2016ರಲ್ಲಿ ಶುರುವಾದ ಫ್ಲಡ್ ರೀ ಯೋಜನೆ 2039ರವರೆಗೆ ಇದೆ, 2009ಕ್ಕೆ ಮುಂಚೆ ಕಟ್ಟಿದ ಮನೆಗಳಿಗೆ ಅನ್ವಯ. ಆ ಚಿಂತೆ ಅಲ್ಲಿಗೆ ಬಿಟ್ಟೆವು.

ರೀಡಿಂಗ್‌ಗೆ ತನ್ನದೇ ಇನ್ನೊಂದು ರೋಗವಿದೆ, ನೆಲದಡಿಯ ಸುಣ್ಣಕಲ್ಲಿನ ಹಳೆಯ ಗಣಿಗಳು. ಇಟ್ಟಿಗೆ ಮಾಡಲು ಮತ್ತು ಸುಣ್ಣ ಸುಡಲು ತೋಡಿ ಮರೆತ ಸುರಂಗಗಳು. 2000ದಲ್ಲಿ ಕೋಲಿ ಭಾಗದ ಫೀಲ್ಡ್ ರೋಡ್‌ನಲ್ಲಿ ಇಂಥದೇ ಸಾಲುಮನೆಗಳ ಕೆಳಗೆ ನೆಲ ಕುಸಿದು ಜನರನ್ನು ಮನೆ ಬಿಡಿಸಬೇಕಾಯಿತು. ಅದು ಊರಿನ ಇನ್ನೊಂದು ಬದಿ. ಕೊಳ್ಳುವ ವ್ಯವಹಾರ ನೋಡಿಕೊಳ್ಳುವ ವಕೀಲ, ನಮ್ಮ ಸಾಲಿಸಿಟರ್, ತರಿಸಿದ ವರದಿಯಲ್ಲಿ ನಮ್ಮ ಬೀದಿಗೆ ಏನೂ ಬರಲಿಲ್ಲ. ಸಂಗಮದ ಬಳಿ ಇತ್ತೀಚಿನವರೆಗೂ ನಿಂತಿದ್ದ ಗ್ಯಾಸ್ ಹೋಲ್ಡರ್ ಎಂಬ ಭಾರೀ ಗ್ಯಾಸ್ ತೊಟ್ಟಿಯ ದೆಸೆಯಿಂದ ಮಣ್ಣಿನ ಬಗ್ಗೆಯೂ ಒಂದು ಪುಟ ಬಂತು, ದೂರವಿದ್ದುದರಿಂದ ನಿಶ್ಚಿಂತೆ. ಶಾಲೆ, ಪಾಮರ್ ಪಾರ್ಕು, ಬಸ್ಸು ಎಲ್ಲ ಸರಿಯಿತ್ತು.

ನವೆಂಬರ್ ಮೊದಲ ವಾರ 3,45,000ಕ್ಕೆ ಆಫರ್ ಕೊಟ್ಟೆವು, ಕಾರಣಗಳನ್ನು ಒಂದು ಪುಟದಲ್ಲಿ ಬರೆದು. ಏಜೆಂಟರಿಗೆ ಸಿಟ್ಟು ಬಂತು. ಪೂರ್ತಿ ಬೆಲೆ ಕೊಡಲು ಇನ್ನೊಬ್ಬರು ಸಿದ್ಧರಿದ್ದಾರೆ ಎಂದರು. ಇದ್ದರು ಕೂಡ. ತಮ್ಮನ ಮನೆಯಲ್ಲಿ ಎರಡು ದಿನ ಯಾರೂ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಮೂರು ವಾರ ಕಳೆದು ಏಜೆಂಟರೇ ಫೋನ್ ಮಾಡಿದರು. ಆ ಇನ್ನೊಬ್ಬರಿಗೆ ಸಾಲ ಕೊಡಬೇಕಿದ್ದ ಬ್ಯಾಂಕಿನ ಪರವಾಗಿ ಬೆಲೆ ಕಟ್ಟುವ ವ್ಯಾಲ್ಯುಯರ್ ಬಂದು, "ಎರಡು ಬೆಡ್‌ರೂಮ್, ಅಟ್ಟದಲ್ಲಿ ಸಾಮಾನಿನ ಜಾಗ, 3,50,000" ಎಂದು ಬರೆದು ಹೋಗಿದ್ದ. ಉಳಿದ 35,000 ಕೈಯಿಂದ ಹಾಕಲಾಗದೆ ಅವರು ಹಿಂದೆ ಸರಿದಿದ್ದರು. 3,50,000ಕ್ಕೆ ಮಾತು ಮುಗಿಯಿತು.

ಮುಗಿಯಿತು ಎಂದುಕೊಂಡೆವು. ಸಾಲಿಸಿಟರ್ ಕಳಿಸಿದ ಫಾರ್ಮಿನಲ್ಲಿ ಒಂದು ಪ್ರಶ್ನೆ: ಜಗತ್ತಿನ ಯಾವ ಭಾಗದಲ್ಲಾದರೂ ನಿಮ್ಮ ಹೆಸರಿನಲ್ಲಿ ಮನೆ ಇದೆಯೇ, ಇತ್ತೇ? ಯಲಹಂಕದಲ್ಲಿ ತಮ್ಮನ ಹೆಸರಲ್ಲಿ ಒಂದು ಫ್ಲ್ಯಾಟು ಇದೆ, ಇಲ್ಲಿಗೆ ಬರುವ ಮುಂಚೆ ಕೊಂಡದ್ದು. "ಇಲ್ಲಿ ನಾವು ಮೊದಲ ಸಲ ಕೊಳ್ಳೋರಲ್ವಾ?" ಅಂದ. ಅಲ್ಲ. ಮೊದಲ ಸಲ ಕೊಳ್ಳುವವರಿಗೆ 3,00,000ದವರೆಗೆ ಸ್ಟ್ಯಾಂಪ್ ಡ್ಯೂಟಿ ಇಲ್ಲ, ಮೇಲಿನದಕ್ಕೆ ಶೇ. 5. ಅವನು ಎಣಿಸಿಟ್ಟಿದ್ದು ಈ ಲೆಕ್ಕದಂತೆ 2,500. ಜಗತ್ತಿನ ಯಾವ ಮೂಲೆಯಲ್ಲಿ ಮನೆ ಹೊಂದಿದ್ದರೂ ಆ ರಿಯಾಯಿತಿ ಇಲ್ಲ, ಮಾಮೂಲಿ ದರದಲ್ಲಿ 7,500. ಮೇಲಾಗಿ ಕೊಳ್ಳುವ ದಿನ 40,000 ಪೌಂಡಿಗೆ ಕಡಿಮೆಯಿಲ್ಲದ ಇನ್ನೊಂದು ಮನೆ ಕೈಯಲ್ಲಿದ್ದರೆ ಪೂರ್ತಿ ಬೆಲೆಯ ಮೇಲೆ ಇನ್ನೂ ಶೇ. 5. ಅದು 17,500. ಒಟ್ಟು 25,000. ಈ ಶೇ. 5 ಎಂಬುದು 2024ರ ಅಕ್ಟೋಬರ್ ಕೊನೆಯವರೆಗೆ 3 ಇತ್ತು. ಖಾಲಿ ಸೈಟಾಗಿದ್ದರೆ ಬಚಾವಾಗುತ್ತಿದ್ದ, ಏಕೆಂದರೆ ಸೈಟು ಮನೆಯಲ್ಲ. ಹೆಂಡತಿಯೊಬ್ಬಳ ಹೆಸರಿಗೆ ಕೊಂಡರೆ? ಒಟ್ಟಿಗಿರುವ ಗಂಡ-ಹೆಂಡತಿಯನ್ನು ಈ ಹೆಚ್ಚುವರಿಯ ಲೆಕ್ಕಕ್ಕೆ ಒಂದಾಗಿಯೇ ಹಿಡಿಯುತ್ತಾರೆ.

ಗೋಡೆ, ಚಾವಣಿ, ನದಿ, ಗಣಿ ಎಲ್ಲ ನೋಡಿದ ನಾನು ಕೇಳಬೇಕಾದ ಈ ಒಂದು ಪ್ರಶ್ನೆಯನ್ನು ಮೊದಲ ದಿನ ಕೇಳಿರಲಿಲ್ಲ. ಯಲಹಂಕದ ಫ್ಲ್ಯಾಟು ನನಗೆ ಗೊತ್ತಿತ್ತು, ಗೃಹಪ್ರವೇಶದ ಊಟ ಮಾಡಿದವನು.

ಉಳಿಸಿದ್ದು ಇಂಗ್ಲೆಂಡಿನ ನಿಧಾನ. ಮಾರುವವರು ಕೊಳ್ಳಬೇಕಿದ್ದ ಮನೆ, ಆ ಮನೆಯವರು ಕೊಳ್ಳಬೇಕಿದ್ದ ಮನೆ, ಹೀಗೆ ಸರಪಳಿಯಂತೆ ಒಂದಕ್ಕೊಂದು ಕಾದು ಕುಳಿತು ವ್ಯವಹಾರ ಫೆಬ್ರವರಿಗೆ ಹೋಯಿತು. ಅಷ್ಟರಲ್ಲಿ ತಮ್ಮ ಪವರ್ ಆಫ್ ಅಟಾರ್ನಿ ಅಟೆಸ್ಟ್ ಮಾಡಿಸಿ ದಾವಣಗೆರೆಗೆ ಕಳಿಸಿದ. ಚಿಕ್ಕಪ್ಪ ಬೆಂಗಳೂರಿನಲ್ಲಿ ಇಪ್ಪತ್ತು ದಿನ ಬೀಡುಬಿಟ್ಟು, ಮನಸ್ಸಿಲ್ಲದ ಮನಸ್ಸಿನಿಂದ ಫ್ಲ್ಯಾಟು ಮಾರಿಸಿದರು. ಕ್ರಯಪತ್ರ ರಿಜಿಸ್ಟರ್ ಆಗಿ ಹನ್ನೆರಡನೇ ದಿನಕ್ಕೆ ಇಲ್ಲಿಯ ಬೀಗದ ಕೈ ಸಿಕ್ಕಿತು. 7,500 ಕಟ್ಟಿದರು.

ಅಟ್ಟವನ್ನು ಕೌನ್ಸಿಲ್‌ನಿಂದ ಕ್ರಮಬದ್ಧಗೊಳಿಸಲು ಬೇಕಾದ ಕೆಲಸ ಬಹಳ: ಹೊಸ ತೊಲೆ, ಹೊಸ ಮೆಟ್ಟಿಲು, ಕೆಳಗೆ ಮತ್ತೆ ಗೋಡೆ, ಬೆಂಕಿ ಬಾಗಿಲು, ಇಳಿಜಾರಿಗೆ ಸರಿಯಾದ ಇನ್ಸುಲೇಶನ್. ಬಂದ ಕೊಟೇಶನ್ 23,000. ಸದ್ಯಕ್ಕೆ ಮಂಚ ಕೆಳಗಿಳಿದಿದೆ, ಮೆಟ್ಟಿಲ ಬಾಯಿಗೆ ಬಾಗಿಲು ಕೂರಿಸಿ ಎತ್ತರದಲ್ಲಿ ಚಿಲಕ ಹಾಕಿದ್ದಾರೆ. ಮೇಲೆ ಖಾಲಿ ಸೂಟ್‌ಕೇಸು, ಗಣಪತಿ ಹಬ್ಬದ ಮಂಟಪ. ಹೋದಾಗೆಲ್ಲ ಮಗು ಚಿಲಕ ತೋರಿಸಿ ಕೇಳುತ್ತದೆ, "ದೊಡ್ಡಪ್ಪ, ನನ್ನ ರೂಮು ಯಾವಾಗ?"

"ಎಂಟಿಂಚಿನ ತೊಲೆ ಬಂದ ಮೇಲೆ" ಎನ್ನುತ್ತೇನೆ. ಅವಳಪ್ಪ ಬೇರೆ ಕಡೆ ನೋಡುತ್ತಾನೆ.